ಆರದ ಕೆಂಪು ದೀಪ

ಆಟಿ ತಿಂಗಳ ಒಂದು ರಾತ್ರಿ. ಮೂಡುಬಿದಿರೆ ಪೇಟೆಯಿಂದ ವೇಣೂರಿನ ಕಡೆಗೆ ನಮ್ಮ ಹಳೆಯ ಪಿಕಪ್ ಜೀಪು ಹೊರಟಿತ್ತು. ಸ್ಟೇರಿಂಗ್ ಹಿಡಿದು ನಾನು, ಪಕ್ಕದಲ್ಲಿ ಐದನೇ ತರಗತಿಯಲ್ಲಿ ಓದುವ ಅಕ್ಕನ ಮಗಳು, ಹಿಂದೆ ಟರ್ಪಾಲು ಹೊದ್ದ ಹಿಂಡಿಯ ಚೀಲಗಳು. ಮಳೆ ಎಂದರೆ ಆಟಿಯ ಮಳೆ. ಎದುರಿನ ರಸ್ತೆಯೇ ಕಾಣದು.

ಸ್ವಲ್ಪ ದೂರ ಬರುವಷ್ಟರಲ್ಲಿ ವೈಪರಿನ ಕೈ ಸೋತಂತೆ ಆಯಿತು. ಅತ್ತ ಹೋದದ್ದು ಇತ್ತ ಬರಲು ಹೊತ್ತು ತೆಗೆದುಕೊಳ್ಳುತ್ತಿತ್ತು. ಹೆಡ್‌ಲೈಟಿನ ಬೆಳಕು ಚಿಮಿಣಿ ದೀಪದ ಹಳದಿಗೆ ಇಳಿಯಿತು. ಹಾರ್ನ್ ಒತ್ತಿದರೆ ಗಂಟಲು ಕಟ್ಟಿದವರ ದನಿ.

"ಮಾವ, ಆ ಕೆಂಪು ದೀಪ ಎಂತಕ್ಕೆ ಉರೀತಾ ಉಂಟು?" ಎಂದಳು ಹುಡುಗಿ.

ಬಗ್ಗಿ ನೋಡಿದೆ. ಮೀಟರುಗಳ ಸಾಲಿನ ಕೆಳಗೆ, ಬೂದಿಯೊಳಗೆ ಉಳಿದ ಕೆಂಡದಂತೆ, ಒಂದು ಚುಕ್ಕಿ ಕೆಂಪು. ಹಗಲಿನಲ್ಲಿ ಎಷ್ಟೋ ಸಲ ಅತ್ತ ಕಣ್ಣು ಹಾಯಿಸಿದ್ದೆ. ಆರಿದೆ ಎಂದೇ ನಂಬಿದ್ದೆ. ಕತ್ತಲೆ ಇದ್ದದ್ದರಿಂದ ಅದು ಕಂಡಿತು, ಕಾಣುವ ಕಣ್ಣು ಪಕ್ಕದಲ್ಲಿ ಇದ್ದದ್ದರಿಂದ ನನಗೆ ತಿಳಿಯಿತು.

ಡೀಸೆಲ್ ಇಂಜಿನ್ ಆದ್ದರಿಂದ ನಡುದಾರಿಯಲ್ಲಿ ನಿಲ್ಲಲಿಲ್ಲ. ಡೀಸೆಲ್ ಇಂಜಿನ್ನಿಗೆ ಉರಿ ಹೊತ್ತಿಸಲು ವಿದ್ಯುತ್ ಕಿಡಿ ಬೇಡ. ಅದು ಗಾಳಿಯನ್ನೇ ಒತ್ತಿ ಒತ್ತಿ, ಡೀಸೆಲ್ ತಾನಾಗಿ ಹೊತ್ತಿಕೊಳ್ಳುವಷ್ಟು ಬಿಸಿ ಮಾಡುತ್ತದೆ. ನಿಧಾನವಾಗಿ, ರಸ್ತೆಯ ಅಂಚು ನೋಡಿಕೊಂಡು, ಮನೆ ಸೇರಿದೆವು. ಮರುದಿನ ಬೆಳಿಗ್ಗೆ ಕೀಲಿ ತಿರುಗಿಸಿದರೆ ಬರೇ "ಟಕ್" ಎಂಬ ಸದ್ದು. ಸೆಲ್ಫ್ ತೆಗೆದುಕೊಳ್ಳಲಿಲ್ಲ.

ಮಕ್ಕಳೇ, ಆ ಸಣ್ಣ ಕೆಂಪು ದೀಪ ಹೇಳುತ್ತಿದ್ದುದೇನು ಎಂದು ತಿಳಿಯಬೇಕಾದರೆ, ಮೊದಲು ಗಾಡಿಯೊಳಗೆ ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂದು ನೋಡಬೇಕು.

ತಿರುಗುವ ಅಯಸ್ಕಾಂತ

ಇಂಜಿನ್ನಿನ ಪಕ್ಕದಲ್ಲಿ ಒಂದು ಸಣ್ಣ ತೆಂಗಿನಕಾಯಿಯಷ್ಟು ದಪ್ಪದ ಯಂತ್ರ ಇರುತ್ತದೆ. ಅದರ ಹೆಸರು ಆಲ್ಟರ್ನೇಟರ್. ಇಂಜಿನ್ ತಿರುಗಿದಾಗ ರಬ್ಬರ್ ಬೆಲ್ಟು ಅದನ್ನೂ ತಿರುಗಿಸುತ್ತದೆ. ಒಳಗೆ ಒಂದು ಅಯಸ್ಕಾಂತ. ಅದರ ಸುತ್ತ ಅಲುಗದೆ ಕುಳಿತ ತಾಮ್ರದ ತಂತಿಯ ಸುರುಳಿಗಳು. ಅಯಸ್ಕಾಂತ ತಿರುಗಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇಷ್ಟೇ ಅದರ ಗುಟ್ಟು.

ಈ ಗುಟ್ಟನ್ನು 1831ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಕಂಡುಹಿಡಿದರು. ಅವರ ತಂದೆ ಕಮ್ಮಾರ. ಫ್ಯಾರಡೆ ಹುಡುಗನಾಗಿದ್ದಾಗ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದರು. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನು ಓದಿಯೇ ವಿಜ್ಞಾನ ಕಲಿತರು. ನಮ್ಮ ರಾಜ್ಯದ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ಮಾಡಿ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದರಲ್ಲ, ಅಲ್ಲಿ ದುಡಿದದ್ದೂ ಇದೇ ಗುಟ್ಟು. ಅಲ್ಲಿ ತಿರುಗಿಸುವ ಕೆಲಸ ನದಿಯದು, ಇಲ್ಲಿ ಬೆಲ್ಟಿನದು.

ಅಯಸ್ಕಾಂತದ ಉತ್ತರ ಧ್ರುವ ಸುರುಳಿಯ ಮುಂದೆ ಹಾದುಹೋದಾಗ ವಿದ್ಯುತ್ತು ಒಂದು ಕಡೆಗೆ ಹರಿಯುತ್ತದೆ. ದಕ್ಷಿಣ ಧ್ರುವ ಬಂದಾಗ ತಿರುಗಿ ಇನ್ನೊಂದು ಕಡೆಗೆ. ಹೀಗೆ ಹೋಗಿ ಬರುವ ವಿದ್ಯುತ್ತು ಬ್ಯಾಟರಿಗೆ ಒಗ್ಗುವುದಿಲ್ಲ. ಅದಕ್ಕೆ ಒಂದೇ ದಿಕ್ಕು ಬೇಕು. ಅದಕ್ಕಾಗಿ ಆಲ್ಟರ್ನೇಟರಿನೊಳಗೆ ಡಯೋಡುಗಳಿವೆ. ಬಾವಿಗೆ ಇಳಿಸಿದ ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ನೋಡಿದ್ದೀರಲ್ಲ? ನೀರು ಮೇಲಕ್ಕೆ ಬರಬಹುದು, ಕೆಳಕ್ಕೆ ಮರಳಲಾಗದು. ಡಯೋಡೂ ಹಾಗೆಯೇ, ವಿದ್ಯುತ್ತಿಗೆ ಒಂದೇ ದಿಕ್ಕಿನ ಬಾಗಿಲು.

ಹಿಂದಿನ ಗಾಡಿಗಳಲ್ಲಿ ಆಲ್ಟರ್ನೇಟರ್ ಇರಲಿಲ್ಲ, ಡೈನಮೋ ಇತ್ತು. ಡೈನಮೋ ವೇಗವಾಗಿ ತಿರುಗಿದಾಗ ಚೆನ್ನಾಗಿ ದುಡಿಯುತ್ತಿತ್ತು. ಗಾಡಿ ಪೇಟೆಯಲ್ಲಿ ನಿಂತು ಗುರುಗುಟ್ಟುತ್ತಿದ್ದರೆ ಅದರಿಂದ ಹೆಚ್ಚೇನೂ ಸಿಗುತ್ತಿರಲಿಲ್ಲ. ಅದಕ್ಕೂ ಹಿಂದೆ ಹೋದರೆ, ಸೆಲ್ಫೇ ಇರಲಿಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡಲು ಹೋದಾಗ, ಬಹಳ ಹಳೆಯ ಕಾರಿನ ಮುಂಭಾಗದಲ್ಲಿ, ಕೆಳಗಡೆ, ಹ್ಯಾಂಡಲ್ ತೂರಿಸುವ ಜಾಗವನ್ನು ಹುಡುಕಿ. ಅಲ್ಲಿ ಹ್ಯಾಂಡಲ್ ಹಾಕಿ ಕೈಯಲ್ಲಿ ತಿರುಗಿಸಿ ಇಂಜಿನ್ನನ್ನು ಎಬ್ಬಿಸಬೇಕಿತ್ತು. ಕೆಲವೊಮ್ಮೆ ಹ್ಯಾಂಡಲ್ ತಿರುಗಿ ಹೊಡೆದು ಕೈ ಮುರಿಯುವುದೂ ಇತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅವರು ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂತು. ಇಂಜಿನ್ನನ್ನು ಎಬ್ಬಿಸುವ ಭಾರ ಬ್ಯಾಟರಿಯ ಹೆಗಲಿಗೆ ಬಿತ್ತು. ಬ್ಯಾಟರಿಯನ್ನು ದಿನದಿನವೂ ತುಂಬಿಸುವ ಯಂತ್ರ ಗಾಡಿಗೆ ಬೇಕೇಬೇಕಾಯಿತು.

ಆರು ಮನೆಯ ಪೆಟ್ಟಿಗೆ

ಬ್ಯಾಟರಿ ಎಂದರೆ ತೋಟದ ಮೇಲಿನ ನೀರಿನ ಟಾಂಕಿ ಎಂದುಕೊಳ್ಳಿ. ಪಂಪು ತುಂಬಿಸುತ್ತದೆ, ನಾವು ಖರ್ಚು ಮಾಡುತ್ತೇವೆ. ಆದರೆ ಇದರೊಳಗೆ ವಿದ್ಯುತ್ತನ್ನು ನೀರಿನ ಹಾಗೆ ತುಂಬಿಟ್ಟಿರುವುದಿಲ್ಲ. ಸೀಸದ ಫಲಕಗಳು ಗಂಧಕಾಮ್ಲ ಬೆರೆತ ನೀರಿನಲ್ಲಿ ಮುಳುಗಿರುತ್ತವೆ. ವಿದ್ಯುತ್ತನ್ನು ನಾವು ಬಳಸಿದಂತೆ ಆಮ್ಲದ ಒಂದು ಪಾಲು ಫಲಕಗಳಿಗೆ ಹೋಗಿ ಕೂರುತ್ತದೆ, ಉಳಿದದ್ದು ತೆಳ್ಳಗಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಅದು ಫಲಕ ಬಿಟ್ಟು ನೀರಿಗೆ ಮರಳುತ್ತದೆ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಮಾಡಿದ ಈ ಬಗೆಯ ಬ್ಯಾಟರಿ ಇಂದಿಗೂ ನಮ್ಮ ಗಾಡಿಗಳಲ್ಲಿ ದುಡಿಯುತ್ತಿದೆ.

ಪೆಟ್ಟಿಗೆಯೊಳಗೆ ಆರು ಮನೆಗಳು. ತುಂಬಿದಾಗ ಒಂದೊಂದು ಮನೆಯ ಒತ್ತಡ ಸುಮಾರು 2.1 ವೋಲ್ಟ್. ಆರು ಸೇರಿದರೆ 12.6. ಅರ್ಧ ಖಾಲಿಯಾದರೆ ಸುಮಾರು 12.2. 11.9ಕ್ಕಿಂತ ಕೆಳಗೆ ಇಳಿದರೆ ಹೆಚ್ಚುಕಡಿಮೆ ಖಾಲಿ ಎಂದೇ ಲೆಕ್ಕ. ನೋಡಿ, ತುಂಬಿದ್ದಕ್ಕೂ ಖಾಲಿಯಾದದ್ದಕ್ಕೂ ಒಂದು ವೋಲ್ಟಿನಷ್ಟೂ ಅಂತರ ಇಲ್ಲ! ಆದ್ದರಿಂದಲೇ ಇಲ್ಲಿ ಕಣ್ಣಂದಾಜು ಸಾಲದು, ಮೀಟರ್ ಬೇಕು.

ಟಾಂಕಿ ಎತ್ತರದಲ್ಲಿದ್ದರೆ ಪಂಪು ಅದಕ್ಕಿಂತ ಮೇಲಕ್ಕೆ ತಳ್ಳಬೇಕಲ್ಲ? ಹಾಗೆಯೇ 12.6 ವೋಲ್ಟಿನ ಬ್ಯಾಟರಿಯನ್ನು ತುಂಬಿಸಲು ಆಲ್ಟರ್ನೇಟರ್ ಸುಮಾರು 14 ವೋಲ್ಟಿನಿಂದ ತಳ್ಳಬೇಕು. 15 ದಾಟಿದರೆ ಬ್ಯಾಟರಿಯ ನೀರು ಗುಳ್ಳೆಯೆದ್ದು ಬತ್ತುತ್ತದೆ. ಕಡಿಮೆಯೂ ಆಗದಂತೆ, ಹೆಚ್ಚೂ ಆಗದಂತೆ ನೋಡಿಕೊಳ್ಳಲು ರೆಗ್ಯುಲೇಟರ್ ಎಂಬ ಕಾವಲುಗಾರ ಇದ್ದಾನೆ.

ಇನ್ನು ಆ ಕೆಂಪು ದೀಪ. ಅದರ ಒಂದು ಕಾಲು ಬ್ಯಾಟರಿಯ ಕಡೆಗೆ, ಇನ್ನೊಂದು ಕಾಲು ಆಲ್ಟರ್ನೇಟರಿನ ಕಡೆಗೆ. ಕೀಲಿ ತಿರುಗಿಸಿದಾಗ ಬ್ಯಾಟರಿಯ ಕಡೆ 12 ವೋಲ್ಟ್ ಇದೆ, ನಿಂತಿರುವ ಆಲ್ಟರ್ನೇಟರಿನ ಕಡೆ ಏನೂ ಇಲ್ಲ. ಎರಡು ಗದ್ದೆಗಳ ನಡುವೆ ನೀರಿನ ಮಟ್ಟ ಬೇರೆಬೇರೆ ಇದ್ದರೆ ಮೇಲಿನದರಿಂದ ಕೆಳಕ್ಕೆ ಹರಿಯುತ್ತದಲ್ಲ, ಹಾಗೆ ವಿದ್ಯುತ್ತು ಹರಿದು ದೀಪ ಉರಿಯುತ್ತದೆ. ಇಂಜಿನ್ ಎದ್ದು ಆಲ್ಟರ್ನೇಟರ್ ದುಡಿಯತೊಡಗಿದರೆ ಎರಡೂ ಕಡೆಯ ಮಟ್ಟ ಸಮನಾಗುತ್ತದೆ. ಮಟ್ಟ ಸಮನಾದ ಕೂಡಲೇ ಹರಿವು ನಿಂತಿತು, ದೀಪ ಆರಿತು.

ಆದರೆ ನಮ್ಮ ಜೀಪಿನ ದೀಪ ಪೂರ್ತಿ ಉರಿಯಲೂ ಇಲ್ಲ, ಪೂರ್ತಿ ಆರಲೂ ಇಲ್ಲ. ಎರಡು ಕಡೆಯ ನಡುವೆ ಸಣ್ಣದೊಂದು ವ್ಯತ್ಯಾಸ ಉಳಿದೇ ಇತ್ತು. ಅದು ಎಲ್ಲಿಯದು?

ಹೊಸ ಬ್ಯಾಟರಿ ಹಾಕಿದರೆ ಆಗದೇ?

ಬೆಳಿಗ್ಗೆ ಮೀಟರ್ ಹಿಡಿದಾಗ ಬ್ಯಾಟರಿಯಲ್ಲಿ 11.7 ವೋಲ್ಟ್ ಇತ್ತು. "ಬ್ಯಾಟರಿ ಹೋಯ್ತು, ಹೊಸದು ಹಾಕಿ" ಎಂದರು ನೋಡಿದವರೆಲ್ಲ. ನನಗೂ ಹಾಗೆ ಅನಿಸಿತ್ತು. ಆದರೆ ಟಾಂಕಿ ಖಾಲಿ ಎಂದ ಮಾತ್ರಕ್ಕೆ ಟಾಂಕಿಯೇ ಕೆಟ್ಟಿದೆ ಎಂದಲ್ಲ. ಪಂಪಿನಿಂದ ನೀರು ಬಾರದೆ ಇರಲೂಬಹುದು. ಬ್ಯಾಟರಿಯನ್ನು ಬೆಳ್ತಂಗಡಿಗೆ ಒಯ್ದು ಒಂದು ರಾತ್ರಿ ಚಾರ್ಜಿಗೆ ಇಟ್ಟೆವು.

ಮರುದಿನ ಅಂಗಡಿಯವರು ಗಾಜಿನ ಕೊಳವೆಯೊಂದನ್ನು ಆರು ಮನೆಗಳಿಗೂ ಇಳಿಸಿ ನೋಡಿದರು. ಅದು ಹೈಡ್ರೋಮೀಟರ್. ಮೊಟ್ಟೆ ಬರೇ ನೀರಿನಲ್ಲಿ ಮುಳುಗುತ್ತದೆ, ಉಪ್ಪು ಕದಡಿದ ನೀರಿನಲ್ಲಿ ತೇಲುತ್ತದೆ. ಹಾಗೆಯೇ ಕೊಳವೆಯೊಳಗಿನ ತೇಲುಕಡ್ಡಿ ಆಮ್ಲ ಗಟ್ಟಿಯಾಗಿದ್ದರೆ ಮೇಲೆ ನಿಲ್ಲುತ್ತದೆ, ತೆಳ್ಳಗಿದ್ದರೆ ಇಳಿಯುತ್ತದೆ. ಆರು ಮನೆಗಳಲ್ಲೂ ಕಡ್ಡಿ ಒಂದೇ ಎತ್ತರಕ್ಕೆ ನಿಂತಿತು. ಒಂದು ಮನೆ ಕೆಟ್ಟಿದ್ದರೆ ಅಲ್ಲಿ ಮಾತ್ರ ಕಡ್ಡಿ ಕೆಳಗಿರುತ್ತಿತ್ತು. ಬ್ಯಾಟರಿ ಗಟ್ಟಿಯಾಗಿದೆ!

ಹಾಗಾದರೆ ತೊಂದರೆ ಬೇರೆಲ್ಲೋ ಇದೆ. ಬ್ಯಾಟರಿಯನ್ನು ಮತ್ತೆ ಜೀಪಿಗೆ ಕೂರಿಸಿ, ಹಗಲು ಬೆಳಕಿನಲ್ಲೇ, ಲೈಟು ಹಾಕದೆ, ಗುರುವಾಯನಕೆರೆ, ಮಡಂತ್ಯಾರು, ಪುಂಜಾಲಕಟ್ಟೆ ದಾಟಿ ಬಂಟ್ವಾಳಕ್ಕೆ ಬಂದೆವು. ಅಲ್ಲಿ ಹಳೆಯ ಗಾಡಿಗಳ ವಯರಿಂಗ್ ಬಲ್ಲ ಹಿರಿಯ ಇಲೆಕ್ಟ್ರಿಷಿಯನ್ ಒಬ್ಬರಿದ್ದಾರೆ.

ತೋಟದ ಪೈಪಿನ ಪಾಠ

ಅವರು ಬಾನೆಟ್ ಎತ್ತಿ, ಕೈ ಎರಡೂ ಹಿಂದಕ್ಕೆ ಕಟ್ಟಿ, ಸುಮ್ಮನೆ ನೋಡುತ್ತಾ ನಿಂತರು. ಆಮೇಲೆ ಇಂಜಿನ್ ನಿಂತಿರುವಾಗಲೇ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಸುಮಾರು ಒಂದು ಸೆಂಟಿಮೀಟರ್ ಬಗ್ಗಿತು. ತುಂಬಾ ಸಡಿಲವಿದ್ದರೆ ಜಾರುತ್ತದೆ, ಆಲ್ಟರ್ನೇಟರ್ ಸರಿಯಾಗಿ ತಿರುಗುವುದಿಲ್ಲ. ತುಂಬಾ ಬಿಗಿಯಿದ್ದರೆ ಬೇರಿಂಗ್ ಸವೆಯುತ್ತದೆ. ನಮ್ಮದು ಸರಿಯಿತ್ತು.

ಕೀಲಿ ತಿರುಗಿಸಿದೆ. ಕೆಂಪು ದೀಪ ಚೆನ್ನಾಗಿ ಉರಿಯಿತು. ಇಂಜಿನ್ ಎಬ್ಬಿಸಿದೆ. "ಈಗ ಆರಿತಲ್ಲ?" ಎಂದರು. ಹುಡುಗಿ ಎರಡೂ ಕೈಗಳನ್ನು ಬೊಗಸೆ ಮಾಡಿ ದೀಪದ ಸುತ್ತ ಹಿಡಿದು ಕತ್ತಲೆ ಮಾಡಿ ಇಣುಕಿದಳು.

"ಇಲ್ಲ ಮಾಮ, ಸ್ವಲ್ಪ ಉಂಟು!"

ಅವರ ಮುಖ ಅರಳಿತು. "ಅರ್ಧ ಕೆಲಸ ನೀನೇ ಮಾಡಿದೆ ಮಗಾ" ಎಂದರು.

ಹೆಡ್‌ಲೈಟು, ವೈಪರ್ ಎಲ್ಲ ಹಾಕಿಸಿ ಬ್ಯಾಟರಿಗೆ ಮೀಟರ್ ಹಿಡಿದರು: 12.3. ಇಂಜಿನ್ ಓಡುತ್ತಿರುವಾಗ ಇಲ್ಲಿ 14ರ ಹತ್ತಿರ ಇರಬೇಕಿತ್ತು. ಅಲ್ಲೇ ಇದ್ದ ಕೆಲಸ ಕಲಿಯುವ ಹುಡುಗ, "ಬ್ಯಾಟರಿಯ ಟರ್ಮಿನಲ್ ತೆಗೆದು ನೋಡುವ, ಆಲ್ಟರ್ನೇಟರ್ ಕೆಟ್ಟಿದ್ದರೆ ಗೊತ್ತಾಗ್ತದೆ" ಎಂದು ಸ್ಪ್ಯಾನರ್ ಎತ್ತಿದ. ಹಿರಿಯರು ಕೈ ಅಡ್ಡ ಹಿಡಿದರು. "ಅದು ಡೈನಮೋ ಕಾಲದ ಅಭ್ಯಾಸ. ಇಂಜಿನ್ ಓಡುವಾಗ ಬ್ಯಾಟರಿ ಬಿಡಿಸಿದರೆ ಆಲ್ಟರ್ನೇಟರಿನ ವೋಲ್ಟೇಜ್ ಒಮ್ಮೆಲೇ ಹಾರ್ತದೆ, ಡಯೋಡು ಸುಟ್ಟುಹೋಗ್ತದೆ. ರೋಗ ಹುಡುಕಲಿಕ್ಕೆ ಹೋಗಿ ಇನ್ನೊಂದು ರೋಗ ತರಬಾರದು."

ಆಮೇಲೆ ಮೀಟರನ್ನು ಆಲ್ಟರ್ನೇಟರಿನ ದಪ್ಪ ವಯರ್ ಹೊರಡುವ ಬೋಲ್ಟಿಗೇ ಹಿಡಿದರು. 14.3!

"ನೋಡು ಮಗಾ, ಹೊರಡುವಲ್ಲಿ 14.3. ಮುಟ್ಟುವಲ್ಲಿ 12.3. ನಡುವೆ ಎರಡು ವೋಲ್ಟ್ ಎಲ್ಲಿ ಹೋಯ್ತು?"

ಹುಡುಗಿ ಯೋಚಿಸಿದಳು. "ಬೇಸಗೆಯಲ್ಲಿ ನಮ್ಮ ತೋಟದಲ್ಲಿ ಕಡೇ ಸ್ಪ್ರಿಂಕ್ಲರ್ ತಿರುಗುವುದು ನಿಂತಿತ್ತು. ಪಂಪು ಸರಿಯೇ ಇತ್ತು. ಅಜ್ಜ ಪೈಪಿನ ಉದ್ದಕ್ಕೂ ನಡೆದು ನೋಡಿದರು. ಒಂದು ಜಾಯಿಂಟಿನಲ್ಲಿ ಕಸ ಸಿಕ್ಕಿತ್ತು."

ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಕಸ ಸಿಕ್ಕಿದ ಪೈಪಿನಲ್ಲಿ, ಕಸದ ಹಿಂದೆ ನೀರಿನ ಒತ್ತಡ ತುಂಬಾ ಇರುತ್ತದೆ, ಮುಂದೆ ಕಡಿಮೆ. ತಂತಿಯಲ್ಲೂ ಹಾಗೆಯೇ. ಆ ತಡೆಗೆ ವಿಜ್ಞಾನದಲ್ಲಿ ರೋಧ ಎಂಬ ಹೆಸರು. ಅಜ್ಜ ತೋಟದಲ್ಲಿ ನಡೆದಂತೆ ನಾವೀಗ ಮೀಟರ್ ಹಿಡಿದು ತಂತಿಯ ಉದ್ದಕ್ಕೂ ನಡೆಯಬೇಕಿತ್ತು.

ಮೊದಲು ಮರಳಿ ಬರುವ ದಾರಿ. ವಿದ್ಯುತ್ತು ಹೋದರೆ ಸಾಲದು, ಇಂಜಿನ್ ಮತ್ತು ಗಾಡಿಯ ಮೈಯ ಮೂಲಕ ತಿರುಗಿ ಬರಬೇಕು. ಅದಕ್ಕೆ ಅರ್ತ್ ಎನ್ನುತ್ತಾರೆ. ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಅಳೆದಾಗ ಬರೇ 0.1 ವೋಲ್ಟ್. ಆ ದಾರಿಯಲ್ಲಿ ತಡೆ ಇಲ್ಲ. ಇನ್ನು ಹೋಗುವ ದಾರಿ. ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ಬೋಲ್ಟಿಗೆ ಇಟ್ಟು, ಇನ್ನೊಂದನ್ನು ವಯರಿನ ಗುಂಟ ಒಂದೊಂದೇ ಜಾಗಕ್ಕೆ ಮುಟ್ಟಿಸುತ್ತಾ ಹೋದರು. ಸೊನ್ನೆ. ಸೊನ್ನೆ. ಮುಂದಿನ ಚಕ್ರದ ಮಡ್‌ಗಾರ್ಡಿನ ಹತ್ತಿರ, ಕಪ್ಪು ಟೇಪು ಸುತ್ತಿದ ಒಂದು ಗಂಟು ದಾಟಿದ ಕೂಡಲೇ, ಮೀಟರ್ 1.9ಕ್ಕೆ ಹಾರಿತು.

ಇಂಜಿನ್ ನಿಲ್ಲಿಸಿ, ಬ್ಯಾಟರಿಯ ಮೈನಸ್ ವಯರ್ ಬಿಡಿಸಿ, ಟೇಪು ಬಿಚ್ಚಿದರು. ಒಳಗೆ ಎರಡು ತಂತಿಗಳನ್ನು ಹೊಸೆದು ಕಟ್ಟಿದ್ದರು. ಎಂದೋ ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸಿದಾಗ ವಯರ್ ಉದ್ದ ಸಾಲದೆ ಕಟ್ಟಿದ ಗಂಟು ಅದು. ತಾಮ್ರದ ಹೊಳಪಿನ ಗುರುತೂ ಇಲ್ಲ. ಹಸಿರು ಹಸಿರು ಪುಡಿ.

"ಕಿಲುಬು!" ಎಂದಳು ಹುಡುಗಿ.

ಅಟ್ಟದ ಮೇಲಿನ ಚೆಂಬಿನ ಹಸಿರು

ಮನೆಯ ಅಟ್ಟದಲ್ಲಿಟ್ಟ ತಾಮ್ರದ ಚೆಂಬನ್ನು ಮಳೆಗಾಲ ಕಳೆದ ಮೇಲೆ ಇಳಿಸಿ ನೋಡಿ. ಮೈಮೇಲೆ ಇದೇ ಹಸಿರು. ಗಾಳಿಯ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಮತ್ತು ತೇವ, ಮೂರೂ ಸೇರಿ ತಾಮ್ರವನ್ನು ಬೇರೆ ವಸ್ತುವಾಗಿ ಮಾರ್ಪಡಿಸುತ್ತವೆ. ತಾಮ್ರದಲ್ಲಿ ವಿದ್ಯುತ್ತು ಸಲೀಸಾಗಿ ಓಡುತ್ತದೆ, ಕಿಲುಬಿನಲ್ಲಿ ಓಡಲಾರದು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಬಿದ್ದ ನೀರು ಹರಿಯದೆ ನಿಂತರೆ ನಾಲ್ಕು ಮೀಟರ್ ಎತ್ತರ! ಚಕ್ರ ಎರಚುವ ಆ ನೀರೆಲ್ಲ ವರ್ಷಗಟ್ಟಲೆ ಆ ಗಂಟಿಗೆ ಬಡಿದಿತ್ತು.

ಗಂಟಿನ ಹತ್ತಿರದ ವಯರ್ ಕಪ್ಪಾಗಿ ಗಡುಸಾಗಿತ್ತು. ಏಕೆ? ಕಳೆದುಹೋದ ಎರಡು ವೋಲ್ಟ್ ಅಲ್ಲಿ ಬಿಸಿಯಾಗಿ ಬದಲಾಗಿತ್ತು. 15 ಆಂಪಿಯರ್ ವಿದ್ಯುತ್ತು ಹರಿಯುತ್ತಿದೆ ಎಂದಿಟ್ಟುಕೊಳ್ಳಿ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್ ಸಿಗುತ್ತದೆ: 2 × 15 = 30 ವಾಟ್. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯಲ್ಲೂ ಹೆಚ್ಚುಕಡಿಮೆ ಇಷ್ಟೇ ಶಕ್ತಿ. ಬೆಸುಗೆ ಕಡ್ಡಿಯೊಂದನ್ನು ಟೇಪಿನಲ್ಲಿ ಸುತ್ತಿ ಬಾನೆಟ್ಟಿನೊಳಗೆ ಇಟ್ಟ ಹಾಗೆ! ಬಿಸಿಯಾದಷ್ಟೂ ತಂತಿ ಇನ್ನಷ್ಟು ಕೆಡುತ್ತದೆ, ಕೆಟ್ಟಷ್ಟೂ ಇನ್ನಷ್ಟು ಬಿಸಿಯಾಗುತ್ತದೆ.

ಬೇಸಗೆಯಲ್ಲಿ ಇದು ಯಾಕೆ ಗೊತ್ತಾಗಲಿಲ್ಲ? ಆಗ ಹಗಲು ಓಡಾಟ. ಲೈಟು ಬೇಡ, ವೈಪರ್ ಬೇಡ. ಆ ಇಕ್ಕಟ್ಟಿನ ದಾರಿಯಲ್ಲಿ ಬಂದಷ್ಟೇ ವಿದ್ಯುತ್ತು ಸಾಕಾಗುತ್ತಿತ್ತು. ಮಳೆಗಾಲದ ರಾತ್ರಿ ಎಲ್ಲವೂ ಒಟ್ಟಿಗೆ ಬೇಕಾದಾಗ ಸಾಲದೆ ಹೋಯಿತು, ಉಳಿದದ್ದನ್ನು ಬ್ಯಾಟರಿ ತಾನು ಕೂಡಿಟ್ಟದ್ದರಿಂದ ಕೊಟ್ಟು ಬರಿದಾಯಿತು.

"ಅಜ್ಜಿ ದೀಪದ ಕಿಲುಬಿಗೆ ಬಿಂಬುಳಿ ಹಾಕಿ ತಿಕ್ಕುತ್ತಾರೆ. ಇದಕ್ಕೂ ಹಾಕುವನಾ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಬಿಂಬುಳಿ, ಹುಣಸೆಹುಳಿಗಳಲ್ಲಿ ಇರುವ ಆಮ್ಲ ಕಿಲುಬನ್ನು ಕರಗಿಸುತ್ತದೆ, ನಿಜ. ಆದರೆ ದೀಪವನ್ನು ಆಮೇಲೆ ಚೆನ್ನಾಗಿ ತೊಳೆದು ಒರೆಸಬಹುದು. ನೂಲಿನಂಥ ಹತ್ತಾರು ಎಳೆಗಳ ನಡುವೆ ಹೊಕ್ಕ ಹುಳಿಯನ್ನು ತೊಳೆದು ತೆಗೆಯಲಾಗದು. ಅದು ಒಳಗೇ ಉಳಿದು ತಾಮ್ರವನ್ನು ಮತ್ತೆ ತಿನ್ನುತ್ತದೆ. ಆದ್ದರಿಂದ ಹಿರಿಯರು ಹಳೆಯ ವಯರನ್ನೇ ತೆಗೆದು, ನಡುವೆ ಎಲ್ಲೂ ಗಂಟಿಲ್ಲದ ಹೊಸ ದಪ್ಪ ವಯರ್ ಎಳೆದರು. ಎರಡು ತುದಿಗೂ ತಾಮ್ರದ ಉಂಗುರ ಒತ್ತಿ ಕೂರಿಸಿ, ಮಳೆ ನೀರು ಹೋಗದಂತೆ ಕೊಳವೆ ಹೊದೆಸಿದರು. ಬ್ಯಾಟರಿಯ ತುದಿಗಳನ್ನು ಒರೆಸಿ ತೆಳ್ಳಗೆ ಗ್ರೀಸ್ ಸವರಿದರು.

ಮತ್ತೆ ಇಂಜಿನ್ ಎಬ್ಬಿಸಿ, ಲೈಟು, ವೈಪರ್ ಹಾಕಿ ಅಳೆದರು. ಆಲ್ಟರ್ನೇಟರಿನಲ್ಲಿ 14.3. ಬ್ಯಾಟರಿಯಲ್ಲಿ 14.2.

ಬದಲಾದದ್ದು ಒಂದು ವಯರ್ ಮಾತ್ರ. ಊಹೆಯ ಮೇಲೆ ಹೋಗಿದ್ದರೆ ಗಟ್ಟಿಯಾಗಿದ್ದ ಬ್ಯಾಟರಿ ಬದಲಾಗುತ್ತಿತ್ತು, ಸರಿಯಾಗಿದ್ದ ಆಲ್ಟರ್ನೇಟರ್ ಗುಜರಿಗೆ ಹೋಗುತ್ತಿತ್ತು. ಕಿಲುಬು ಮಾತ್ರ ಟೇಪಿನೊಳಗೆ ಹಾಗೆಯೇ ಉಳಿಯುತ್ತಿತ್ತು.

ನೀವೂ ಮಾಡಿ ನೋಡಿ

ಮುರಿದ ಆಟಿಕೆ ಕಾರಿನೊಳಗೆ ಸಣ್ಣ ಮೋಟರ್ ಇರುತ್ತದೆ. ಅದರ ಎರಡು ತಂತಿಗಳಿಗೆ ಒಂದು ಕೆಂಪು ಎಲ್‌ಇಡಿಯ ಎರಡು ಕಾಲುಗಳನ್ನು ಜೋಡಿಸಿ. ಮೋಟರಿನ ಕಡ್ಡಿಗೆ ನೂಲು ಸುತ್ತಿ, ಬುಗುರಿ ಬಿಡುವ ಹಾಗೆ ಜೋರಾಗಿ ಎಳೆಯಿರಿ. ದೀಪ ಮಿನುಗಬಹುದು. ಮಿನುಗದಿದ್ದರೆ ನೂಲನ್ನು ತಿರುಗಾಮುರುಗಾ ಸುತ್ತಿ ಎಳೆಯಿರಿ, ಏಕೆಂದರೆ ಎಲ್‌ಇಡಿಯೂ ಒಂದು ಡಯೋಡು, ಒಂದೇ ದಿಕ್ಕಿಗೆ ಬಾಗಿಲು ತೆರೆಯುತ್ತದೆ. ಇನ್ನೂ ಜೋರಾಗಿ ಎಳೆದರೆ ಬೆಳಕು ಹೆಚ್ಚುವುದನ್ನೂ ಗಮನಿಸಿ. ಕತ್ತಲೆ ಕೋಣೆಯಲ್ಲಿ ಮಾಡಿದರೆ ಒಳ್ಳೆಯದು.

ಗಾಡಿಯ ಬ್ಯಾಟರಿಯ ಹತ್ತಿರ ಮಾತ್ರ ದೊಡ್ಡವರಿಲ್ಲದೆ ಹೋಗಬೇಡಿ. ಅದರ ನೀರು ಬಟ್ಟೆ, ಚರ್ಮ, ಕಣ್ಣು ಎಲ್ಲವನ್ನೂ ಸುಡುತ್ತದೆ. ಚಾರ್ಜ್ ಆಗುವಾಗ ಬರುವ ಜಲಜನಕ ಕಿಡಿ ತಾಗಿದರೆ ಸಿಡಿಯುತ್ತದೆ. ಓಡುವ ಇಂಜಿನ್ನಿನ ಬೆಲ್ಟಿನ ಬಳಿ ಕೈ, ಜಡೆ, ಶಾಲು ಯಾವುದೂ ಹೋಗಬಾರದು.

ಬಂಟ್ವಾಳದಿಂದ ಹೊರಡುವಾಗ ಸಂಜೆಯಾಗಿತ್ತು. ಪುಂಜಾಲಕಟ್ಟೆ ದಾಟುವಷ್ಟರಲ್ಲಿ ಕತ್ತಲೆ, ಮತ್ತೆ ಅದೇ ಮಳೆ. ಹೆಡ್‌ಲೈಟಿನ ಬಿಳಿ ಬೆಳಕಿನಲ್ಲಿ ಮಳೆಯ ಒಂದೊಂದು ಎಳೆಯೂ ಕಾಣುತ್ತಿತ್ತು. ಹುಡುಗಿ ಬಗ್ಗಿ, ಎರಡೂ ಕೈ ಬೊಗಸೆ ಮಾಡಿ, ಕೆಂಪು ದೀಪವನ್ನು ಮುಚ್ಚಿ ಒಳಗೆ ಇಣುಕಿದಳು. ತುಂಬಾ ಹೊತ್ತು ಹಾಗೆಯೇ ನೋಡಿದಳು.

"ಎಂತ ಕಾಣ್ತದೆ?" ಎಂದು ಕೇಳಿದೆ.

"ಎಂತದೂ ಇಲ್ಲ ಮಾವ," ಎಂದಳು ಸಂತೋಷದಿಂದ. "ಪೂರ್ತಿ ಕತ್ತಲೆ."